ಹೊಳೆಯತ್ತೆ

ನಮ್ಮೂರ ಹೊಳೆಗೆ ನಾನು ಅತ್ತೆ. ಹೀಗೆಂದಾಗ ಹೊರಗಿನವರು ಮೊದಲು ನನ್ನ ಮುಖ ನೋಡಿ, ಆಮೇಲೆ ಮೆಲ್ಲಗೆ ನಮ್ಮ ಯಜಮಾನರ ಮುಖ ನೋಡುತ್ತಾರೆ. ಈಕೆಗೆ ತಲೆ ನೆಟ್ಟಗಿದೆಯೇ ಎಂದು ಕೇಳುವ ಆಸೆ ಬಂದವರಿಗೆ. ಯಜಮಾನರು ಹೌದೌದು ಎಂದು ತಲೆಯಾಡಿಸುತ್ತಾರೆ. ಅವರು ಹೊಳೆಗೆ ಮಾವ. ಈ ಅತ್ತೆತನ ನಮ್ಮ ಮನೆಗೆ ಹಿಂದಿನಿಂದ ಬಂದದ್ದು. ನನಗೆ ನನ್ನ ಅತ್ತೆಯಿಂದ ಬಂತು, ಅವರಿಗೆ ಅವರ ಅತ್ತೆಯಿಂದ. ಹಾಗಾದರೆ ಗಂಡ ಯಾರು ಎಂದು ಮಾತ್ರ ಕೇಳಬೇಡಿ. ಕೇಳಿದವರಿಗೆಲ್ಲ ನನ್ನತ್ತೆ, ಊರೇ ಗಂಡ ಕಣ್ರೀ ಎಂದು ಹೇಳಿ ಒಳಗೆ ಹೋಗಿಬಿಡುತ್ತಿದ್ದರು. ನಾನೂ ಅಷ್ಟನ್ನೇ ಹೇಳಿ ಒಳಗೆ ಹೋಗುತ್ತೇನೆ.

ಅತ್ತೆಗೆ ಕೆಲಸ ಇದ್ದೇ ಇರುತ್ತದೆ. ಹೊಳೆ ಮೆಟ್ಟಿಲು ಹತ್ತಿ ಬೀದಿಗೆ ಬಂದರೆ ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಹೋಗಿ ಬೈಯಬೇಕು. ಅವಳೇನು ಸುಮ್ಮನೆ ಬೈಸಿಕೊಳ್ಳುವವಳಲ್ಲ. ನಾನು ಒಂದಂದರೆ ಎರಡು ಸಲ ನನ್ನ ಕಾಲಿಗೆ ನೀರು ಚಿಮ್ಮಿಸಿ, ನಾನು ಸುಸ್ತಾದ ಮೇಲೆ, ತಾನಾಗಿಯೇ ಹೊರಟವಳ ಹಾಗೆ ಇಳಿದು ಹೋಗುತ್ತಿದ್ದಳು. ತೀರಾ ಏರಿ ಬಂದರೆ ಮಾತ್ರ ಜನ ಯಜಮಾನರನ್ನು ಕರೆಯುತ್ತಿದ್ದರು. ಅವರು ಕೊಡೆ ಬಿಚ್ಚಿಕೊಂಡು ದಡದ ಮೇಲೆ ಒಂದು ಸುತ್ತು ಅಡ್ಡಾಡಿದರೆ ಸಾಕು, ಮಾವನ ಎದುರು ನಿಲ್ಲಲು ಸಂಕೋಚವಾಗಿ ಹೊಳೆ ಗೇಣುದ್ದ ಒಳಕ್ಕೆ ಸರಿಯುತ್ತಿತ್ತು. ಮನೆಗೆ ಬಂದು ಅವರು, ನಾನೇನೂ ಅನ್ಲಿಲ್ಲ ಕಣೆ ಅವಳಿಗೆ, ಎಂದು ಪ್ರತಿ ಸಲವೂ ಹೇಳುತ್ತಿದ್ದರು.

ಇನ್ನು ಆಷಾಢ. ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು. ಬೇರೆ ಮನೆಗಳಲ್ಲಿ ಮದುವೆಯಾದ ಮೊದಲ ವರ್ಷಕ್ಕೆ ಮಾತ್ರ ಈ ಕಟ್ಟುಪಾಡು, ನಮ್ಮ ಸೊಸೆಗೆ ಪ್ರತಿ ವರ್ಷವೂ. ತಿಂಗಳು ಹುಟ್ಟುವ ದಿನ ಬೆಳಿಗ್ಗೆ ಅವಳು ಮೆಟ್ಟಿಲ ಹತ್ತಿರ ನಿಧಾನವಾಗಿ, ಅಲ್ಲೇ ಸುತ್ತುತ್ತ ಕಾಯುತ್ತಾಳೆ. ನಾನು ಅಕ್ಕಿ, ಬೆಲ್ಲ, ಕೊಬ್ಬರಿ, ಅರಿಶಿನ ಕುಂಕುಮ, ಬಳೆ, ಒಂದು ರವಿಕೆ ಕಣ ತಂದು ಮಡಿಲು ತುಂಬಿ, ಹೋಗಿ ಬಾ ಮಗಳೇ ಎನ್ನಬೇಕು. ಆಗ ಅವಳು ತಿರುಗುತ್ತಾಳೆ. ಕೆಳಕ್ಕೆ ಹರಿಯುತ್ತಿದ್ದ ನೀರು ಗುಡ್ಡದ ಕಡೆಗೆ ಮೇಲಕ್ಕೆ ಹರಿಯತೊಡಗುತ್ತದೆ. ಸಂಜೆ ಹೊತ್ತಿಗೆ ಪಾತ್ರದಲ್ಲಿ ಮರಳು ಬಿಟ್ಟು ಏನೂ ಉಳಿದಿರುವುದಿಲ್ಲ.

ಆ ಒಂದು ತಿಂಗಳು ನಮಗೆ ಹಬ್ಬವೇ. ಬಾವಿಯ ನೀರಿನಲ್ಲಿ ಸಂಸಾರ ನಡೆಯುತ್ತದೆ. ಸಂತೆ ಮರಳಿನ ಮೇಲೆ ಕೂರುತ್ತದೆ. ಆಚೆ ದಡದ ನೆಂಟರು ಕಾಲು ಒದ್ದೆ ಮಾಡಿಕೊಳ್ಳದೆ ನಡೆದು ಬರುತ್ತಾರೆ, ಬಂದವರು ಬೇಗ ಹೋಗುವುದಿಲ್ಲ. ವರ್ಷವಿಡೀ ಕೈಜಾರಿ ಬಿದ್ದ ಸೌಟು, ಚೊಂಬು, ಮೂಗುಬೊಟ್ಟು ಎಲ್ಲ ಮರಳಿನಲ್ಲಿ ಸಿಗುತ್ತವೆ, ಯಾರದು ಎಂದು ಸಣ್ಣ ಪುಟ್ಟ ಜಗಳಗಳಾಗುತ್ತವೆ. ಶ್ರಾವಣದ ಮೊದಲ ಸೋಮವಾರ ಗುಡ್ಡದ ಕಡೆಯಿಂದ ಸದ್ದು ಕೇಳಿದ ಕೂಡಲೇ ಎಲ್ಲರೂ ದಡ ಹತ್ತಿ ನಿಲ್ಲುತ್ತೇವೆ. ಸೊಸೆ ತವರಿನ ಕಾಡುಹೂವು, ಬಿದಿರಕ್ಕಿ, ಯಾವುದೋ ಹಕ್ಕಿಯ ಗರಿ ಎಲ್ಲ ಹೊತ್ತು ತರುತ್ತಾಳೆ. ನಾನು ಆರತಿ ಎತ್ತುತ್ತೇನೆ.

ಎಲ್ಲ ಹೀಗೇ ನಡೆಯುತ್ತಿದ್ದಾಗ ಧರಣೇಂದ್ರ ಎಂಬ ಎಂಜಿನಿಯರು ಊರಿಗೆ ಬಂದ. ಯುಗಾದಿ ಕಳೆದು ಸ್ವಲ್ಪ ದಿನವಾಗಿತ್ತು. ನಮ್ಮ ಹೊಳೆಗೆ ಅಣೆಕಟ್ಟು ಕಟ್ಟಿ ವಿದ್ಯುತ್ತು ತೆಗೆಯಬಹುದೇ, ಇಲ್ಲವೇ ಎಂದು ನೋಡಿ ಹೇಳುವುದು ಅವನ ಕೆಲಸ. ಊರಿನಲ್ಲಿ ಲಾಡ್ಜು ಇಲ್ಲ. ನಮ್ಮ ಜಗುಲಿಯ ಕೋಣೆಯಲ್ಲಿ ಇಳಿದುಕೊಂಡ, ಊಟ ನಮ್ಮಲ್ಲೇ. ಒಳ್ಳೆಯ ಹುಡುಗ. ತಟ್ಟೆಯಲ್ಲಿ ಒಂದು ಅಗುಳು ಬಿಡುತ್ತಿರಲಿಲ್ಲ. ಹೆಂಡತಿ ಎಲ್ಲಿ ಎಂದರೆ, ಊರಲ್ಲಿಲ್ಲ ಅಮ್ಮ, ಎಂದು ಹೇಳಿ ಇನ್ನೊಂದು ಸೌಟು ಸಾರು ಹಾಕಿಸಿಕೊಳ್ಳುತ್ತಿದ್ದ.

ಅವನು ಹೊಳೆಯಲ್ಲಿ ಬಣ್ಣದ ಗೆರೆ ಹಾಕಿದ ಉದ್ದನೆಯ ಕೋಲು ನೆಟ್ಟ. ದಿನಾ ಅದನ್ನು ನೋಡಿ ನೀರು ಎಷ್ಟಿದೆ, ಎಷ್ಟು ಜೋರಾಗಿದೆ ಎಂದು ಬರೆದುಕೊಳ್ಳುವುದು. ಸೊಸೆಗೂ ಅವನ ಮೇಲೆ ಸಿಟ್ಟಿರಲಿಲ್ಲ. ಒಂದು ದಿನ ಗೆರೆಯ ಮೇಲೆ ಇದ್ದು ಮರುದಿನ ಕೆಳಗೆ ಇಳಿದು, ಮಧ್ಯಾಹ್ನ ಅವನು ಬುತ್ತಿ ಬಿಚ್ಚಿದಾಗ ಬೇಕೆಂದೇ ಅವನ ಚಪ್ಪಲಿ ತೇಲಿಸಿಕೊಂಡು ಹೋಗಿ ಆಟ ಆಡಿಸುತ್ತಿದ್ದಳು. ಅವನು ನಗುತ್ತ ಹಿಂದೆ ಓಡುತ್ತಿದ್ದ.

ಆಷಾಢದ ವಿಷಯ ಗೊತ್ತಾದ ಮೇಲೆ ಅವನ ಮುಖ ಸಪ್ಪಗಾಯಿತು. "ಹನ್ನೊಂದು ತಿಂಗಳು ಬಂಗಾರದಂಥ ಹೊಳೆ ಅಮ್ಮ. ಆ ಒಂದು ತಿಂಗಳದ್ದೇ ಚಿಂತೆ. ಅಣೆಕಟ್ಟು ಕಟ್ಟಿ, ಯಂತ್ರ ಇಟ್ಟು, ನೀರು ಹಿಂದಕ್ಕೆ ಹೊರಟುಬಿಟ್ರೆ ನಾನೇನು ಮಾಡ್ಲಿ?" ಎಂದ. ಅವನು ಯೋಗ್ಯವಲ್ಲ ಎಂದು ಬರೆದರೆ ದೀಪ ಬರುವುದಿಲ್ಲ. ಊರಿಗೆ ಇದು ತಿಳಿಯಿತು.

ದೀಪದ ಆಸೆ ಯಾರಿಗಿರಲಿಲ್ಲ ಹೇಳಿ. ಹೆರಿಗೆಗೆ ಲಾಟೀನು ಹಿಡಿದು ಹಿಡಿದು ನನ್ನ ಕೈ ಸೋತಿತ್ತು. ನಮ್ಮ ಅಡುಗೆಮನೆಯಲ್ಲಿ ಹಗಲಲ್ಲೇ ಉಪ್ಪಿನ ಡಬ್ಬಿ ಯಾವುದು, ರವೆಯ ಡಬ್ಬಿ ಯಾವುದು ಎಂದು ಮೂಸಿ ನೋಡಬೇಕು. ಪಂಚಾಯಿತಿ ಅಧ್ಯಕ್ಷ ಜವರಪ್ಪ ಸಂತೆ ಮಾಳದಲ್ಲಿ ಸಭೆ ಸೇರಿಸಿದ. ಎಲ್ಲರೂ ನನ್ನ ಕಡೆಗೇ ನೋಡುತ್ತಿದ್ದರು.

"ನೀವು ಏನೂ ಮಾಡ್ಬೇಕಾಗಿಲ್ಲ ಚೆಲುವಾಜಮ್ಮ," ಎಂದ ಜವರಪ್ಪ. "ಈ ಒಂದು ವರ್ಷ ಮಡಿಲಕ್ಕಿ ಕಟ್ಬೇಡಿ, ಅಷ್ಟೇಯ. ಅತ್ತೆ ಹೋಗು ಅನ್ದೆ ಸೊಸೆ ಹೆಂಗೆ ಹೊಸಿಲು ದಾಟ್ತಾಳೆ?"

"ಆಷಾಢದಲ್ಲಿ ಇಬ್ರೂ ಒಂದೇ ಕಡೆ ಇರ್ಬಾರ್ದು ಅಂತ ಐತಲ್ಲ," ಎಂದಳು ಬಟ್ಟೆ ಒಗೆಯುವ ದೊಡ್ಡತಾಯಿ. ಹೊಳೆಯ ಜೊತೆ ನನಗಿಂತ ಹೆಚ್ಚು ಹೊತ್ತು ಕಳೆಯುವವಳು ಅವಳೇ.

"ಒಂದೇ ಸೂರಿನ ಕೆಳಗೆ ಇರ್ಬಾರ್ದು ಅಂತ. ಹೊಳೆಗೆ ಸೂರು ಎಲ್ಲೈತೆ?" ಎಂದ ಜವರಪ್ಪ. ಯಜಮಾನರು ಕೊಡೆ ಬಿಚ್ಚಿ ಮುಚ್ಚಿ ಮಾಡುತ್ತಿದ್ದರು. ಒಂದು ವರ್ಷ ತಾನೆ, ಆಗಲಿ ಎಂದೆ ನಾನು.

ಆಷಾಢ ಹುಟ್ಟಿದ ಬೆಳಿಗ್ಗೆ ನಾನು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಬೇಡದಿದ್ದರೂ ಒಂದು ಮೊರ ಹುರುಳಿ ಹರವಿಕೊಂಡು ಕಲ್ಲು ಆರಿಸುತ್ತ ಕೂತೆ. ದೊಡ್ಡತಾಯಿ ಹಿತ್ತಲ ಬಾಗಿಲಿಗೆ ಬಂದು ನಿಂತಳು.

"ಅಕ್ಕಾ, ಕಾಯ್ತಾವ್ಳೆ."

"ಕಾಯ್ಲಿ ಬಿಡು."

"ಬೆಳಿಗ್ಗೆಯಿಂದ ಅಲ್ಲೇ ಸುತ್ತುತಾವ್ಳೆ. ಮೆಟ್ಲು ಮೇಲೆ ಯಾರಾದ್ರೂ ಇಳಿದ್ರೆ ಸರಕ್ಕನೆ ಬತ್ತಾಳೆ, ನೀನಲ್ಲ ಅಂತ ಗೊತ್ತಾದೇಟ್ಗೆ ಹಿಂದಕ್ಕೆ ಹೋಯ್ತಾಳೆ."

ನಾನು ಹುರುಳಿಯಿಂದ ಕಣ್ಣೆತ್ತಲಿಲ್ಲ. ಸಂಜೆಯ ತನಕ ಕಾದು, ಹೊಳೆ ನೆಟ್ಟಗಾಗಿ ಎಂದಿನಂತೆ ಕೆಳಕ್ಕೇ ಹರಿಯತೊಡಗಿತಂತೆ.

ಮರುದಿನದಿಂದ ಧರಣೇಂದ್ರನ ಮುಖ ನೋಡಬೇಕಿತ್ತು. ಅಷ್ಟು ಸಂತೋಷ. ಕೋಲಿನ ಮೇಲೆ ನೀರು ಇವತ್ತು ಯಾವ ಗೆರೆಗಿದೆಯೋ ನಾಳೆಯೂ ಅದೇ ಗೆರೆಗೆ. ಗುಡ್ಡದಲ್ಲಿ ಮಳೆ ಹೊಯ್ದರೂ ಅಷ್ಟೇ, ಬಿಸಿಲು ಬಿದ್ದರೂ ಅಷ್ಟೇ. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಚಪ್ಪಲಿ ಬಿಟ್ಟಲ್ಲೇ ಇರುತ್ತಿತ್ತು. "ಇಷ್ಟು ಒಳ್ಳೆ ನಡತೆಯ ಹೊಳೆ ನನ್ನ ಸರ್ವೀಸಿನಲ್ಲೇ ನೋಡಿಲ್ಲ ಅಮ್ಮ. ಅಣೆಕಟ್ಟಿಗೆ ಅಂತಲೇ ಹುಟ್ಟಿದ ಹಾಗಿದೆ," ಎಂದು ಹೇಳುತ್ತ ಎರಡು ಮುದ್ದೆ ಉಂಡ. ಯೋಗ್ಯವಾಗಿದೆ ಎಂದು ಬರೆಯುವುದಷ್ಟೇ ಬಾಕಿ ಎಂದ. ಜವರಪ್ಪ ಯಾವ ಯಾವ ಬೀದಿಗೆ ಮೊದಲು ಕಂಬ ನೆಡಬೇಕು ಎಂದು ಅಳೆಯತೊಡಗಿದ.

ಆದರೆ ಮನೆಯಲ್ಲಿ ಬೇಳೆ ಬೇಯಲಿಲ್ಲ. ಎಷ್ಟು ಸೌದೆ ಉರಿಸಿದರೂ ತೊಗರಿಬೇಳೆ ಕಲ್ಲಿನ ಹಾಗೆ ಪಾತ್ರೆಯ ತಳದಲ್ಲಿ ಕೂತಿರುತ್ತಿತ್ತು. ಹೊಳೆಯ ನೀರಿನಲ್ಲಿ ಸ್ನಾನ ಮಾಡಿದರೆ ಮೈ ಒದ್ದೆಯಾಗುತ್ತಿತ್ತು, ಸ್ನಾನ ಮಾಡಿದ ಹಾಗೆ ಆಗುತ್ತಿರಲಿಲ್ಲ. ದೊಡ್ಡತಾಯಿ ಒಗೆದ ಬಟ್ಟೆ ಬೆಳ್ಳಗಾಗುತ್ತಿತ್ತು, ಆದರೆ ಉಟ್ಟವರೆಲ್ಲ ಯಾಕೋ ದಿನವಿಡೀ ಸುಮ್ಮನಿರುತ್ತಿದ್ದರು. ಮೀನು ಹಾರುತ್ತಿರಲಿಲ್ಲ. ಹೊಳೆಯ ಸದ್ದೇ ನಿಂತುಹೋಗಿ, ಊರಿನವರಿಗೆ ತಮ್ಮ ತಮ್ಮ ಮನೆಯ ಮಾತುಗಳೆಲ್ಲ ದೊಡ್ಡದಾಗಿ ಕೇಳತೊಡಗಿದವು.

ಒಂದು ಸಂಜೆ ಯಜಮಾನರು ದಡದ ಮೇಲೆ ಅಡ್ಡಾಡಿ ಬಂದು ಕೊಡೆಯನ್ನು ಮೂಲೆಗಿಟ್ಟು ಊಟಕ್ಕೆ ಏಳಲಿಲ್ಲ. ಏನಾಯಿತು ಎಂದೆ.

"ಅವಳು ಸರೀಲಿಲ್ಲ ಕಣೆ."

"ಏನಂದ್ರಿ?"

"ಎರಡು ಸುತ್ತು ಹೋದೆ. ಕೆಮ್ಮಿದೆ. ಇದ್ದ ಹಾಗೇ ಇದ್ಲು. ನಾನು ಮಾವ ಅನ್ನೋದೇ ಮರೆತುಬಿಟ್ಟಿದಾಳೆ." ಇಷ್ಟು ವರ್ಷದ ಸಂಸಾರದಲ್ಲಿ ಅವರ ಕಣ್ಣು ಒದ್ದೆಯಾದದ್ದನ್ನು ನಾನು ಹೆಚ್ಚು ಸಲ ನೋಡಿಲ್ಲ.

ಮಾರನೆಯ ದಿನ ನಾನೇ ಹೋದೆ. ಮೆಟ್ಟಿಲ ಮೇಲೆ ನಿಂತು ಬೇಕೆಂದೇ ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ. ನಿನ್ನಪ್ಪನ ಮನೆಯಲ್ಲಿ ಇದನ್ನೇ ಕಲಿಸಿದ್ದಾ ಎಂದೂ ಕೇಳಿದೆ. ಈ ಮಾತಿಗೆ ಯಾವ ಸೊಸೆಯೂ ಸುಮ್ಮನಿರುವುದಿಲ್ಲ. ಹೊಳೆ ಒಂದು ಹನಿಯನ್ನೂ ನನ್ನ ಮೇಲೆ ಸಿಡಿಸಲಿಲ್ಲ. ಸೊಸೆ ಎದುರು ಮಾತಾಡಿದಾಗ ಸಿಟ್ಟು ಬರುತ್ತದೆ, ನಿಜ. ಅವಳು ಮಾತೇ ಆಡದಿದ್ದರೆ ಭಯವಾಗುತ್ತದೆ. ಈ ಮೌನ ನನಗೆ ಹೊಸದಲ್ಲ. ನಾನು ಹೊಸದಾಗಿ ಈ ಮನೆಗೆ ಬಂದಾಗ ಒಂದು ವರ್ಷ ಕೆಲಸ ಹೆಚ್ಚಿದೆಯೆಂದು ನನ್ನನ್ನೂ ತವರಿಗೆ ಕಳಿಸಿರಲಿಲ್ಲ. ನಾನು ತುಟಿ ಬಿಚ್ಚದೆ ಹೇಳಿದ್ದನ್ನೆಲ್ಲ ಮಾಡಿದೆ, ಬೀಸು ಎಂದರೆ ಬೀಸಿದೆ, ಕುಟ್ಟು ಎಂದರೆ ಕುಟ್ಟಿದೆ. ಊರೆಲ್ಲ ನನ್ನನ್ನು ಎಂಥ ಒಳ್ಳೆ ಸೊಸೆ ಎಂದು ಹೊಗಳಿದ್ದು ಆ ವರ್ಷವೇ.

ಮನೆಗೆ ಬಂದು ಅಕ್ಕಿ ಅಳೆದೆ. ಬೆಲ್ಲ, ಕೊಬ್ಬರಿ, ಬಳೆ ಎಲ್ಲ ಜೋಡಿಸಿಕೊಂಡು, ಪೆಟ್ಟಿಗೆಯಲ್ಲಿದ್ದ ಒಳ್ಳೆಯ ರವಿಕೆ ಕಣವನ್ನೇ ತೆಗೆದುಕೊಂಡು ಮಟಮಟ ಮಧ್ಯಾಹ್ನ ಹೊಳೆಗೆ ನಡೆದೆ. ಯಾರನ್ನೂ ಕೇಳಲಿಲ್ಲ. ಧರಣೇಂದ್ರ ಕೋಲಿನ ಹತ್ತಿರ ಇದ್ದ. ನನ್ನ ಕೈಯಲ್ಲಿದ್ದ ಮೊರ ನೋಡಿ ಎದ್ದು ಬಂದ.

"ಅಮ್ಮ, ಅರ್ಧ ತಿಂಗಳು ಆಗೋಯ್ತು. ಇನ್ನರ್ಧ ಕಳೆದ್ರೆ ನನ್ನ ಕೆಲಸ ಮುಗೀತು."

"ಅರ್ಧ ಆಷಾಢ ಆದ್ರೂ ತವರು ತವರೇ ಕಣಪ್ಪ, ದಾರಿ ಬಿಡು."

ಅವನು ಬಿಟ್ಟ. ನಾನು ಮೊಣಕಾಲಿನ ತನಕ ನೀರಿಗಿಳಿದು ಮಡಿಲು ತುಂಬಿ, ಹೋಗಿ ಬಾ ಮಗಳೇ ಎಂದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅವಳು ತಿರುಗಿದಳು ನೋಡಿ, ಅಂಥ ತಿರುಗುವಿಕೆಯನ್ನು ಊರು ಕಂಡಿರಲಿಲ್ಲ. ಧರಣೇಂದ್ರನ ಕೋಲು ಕಿತ್ತುಹೋಯಿತು. ದೊಡ್ಡತಾಯಿಯ ಒಗೆಯುವ ಕಲ್ಲು ಪಲ್ಟಿ ಹೊಡೆಯಿತು. ಬೇರೆ ವರ್ಷಗಳಲ್ಲಿ ದೇವರಮರದ ತಿರುವಿನಲ್ಲಿ ಒಮ್ಮೆ ಅಲೆಯೆತ್ತಿ ನಮ್ಮ ಕಡೆ ನೋಡಿ ಹೋಗುತ್ತಿದ್ದಳು. ಈ ಸಲ ನೋಡಲಿಲ್ಲ. ನನಗೆ ಹಗುರವೂ ಆಯಿತು, ಅಳುಕೂ ಆಯಿತು.

ಶ್ರಾವಣದ ಮೊದಲ ಸೋಮವಾರ ಆರತಿ ತಟ್ಟೆ ಹಿಡಿದು ದಡದಲ್ಲಿ ನಿಂತೆವು. ಗುಡ್ಡದ ಕಡೆಯಿಂದ ಸದ್ದಿಲ್ಲ. ಎರಡನೆಯ ಸೋಮವಾರವೂ ಇಲ್ಲ. ಬಾವಿಗಳು ತಳ ಕಂಡವು. ಒಂದು ತಿಂಗಳ ಹಬ್ಬವಾಗಿದ್ದ ಮರಳು ಈಗ ನೋಡಿದರೆ ಬೇಜಾರು. ಆಚೆ ದಡದ ನೆಂಟರು ನೀರಿಲ್ಲದ ಊರಿಗೆ ಬರುವುದನ್ನು ನಿಲ್ಲಿಸಿದರು. ಗೌರಿ ಹಬ್ಬ ಹತ್ತಿರ ಬಂತು, ಬಾಗಿನ ಬಿಡಲು ಹೊಳೆಯಿಲ್ಲ. ಸೊಸೆ ಕೋಪ ಮಾಡಿಕೊಂಡು ತವರಲ್ಲೇ ಕೂತುಬಿಟ್ಟಳು ಎನ್ನುವುದು ಎಲ್ಲರಿಗೂ ಗೊತ್ತಾಯಿತು. ದೀಪದ ಮಾತು ಯಾರ ಬಾಯಲ್ಲೂ ಇರಲಿಲ್ಲ. ಅವಳು ಬರದೇ ಹೋದರೆ ಊರೇ ಗುಳೆ ಹೋಗಬೇಕು.

ಜವರಪ್ಪ ನಮ್ಮ ಮನೆಯ ಮುಂದೆ ಬಂದು ಒಳಗೆ ಬರದೆ ನಿಂತು ಹೇಳಿದ. "ಹಿಡಿದಿಟ್ಟೋರು ನಾವೆಲ್ಲ, ಒಪ್ಕೋತೀನಿ. ಹೋಗು ಅಂದೋರು ಮಾತ್ರ ನೀವು. ಕರ್ಕೊಂಡು ಬರೋರೂ ನೀವೇ ಆಗ್ಬೇಕು ಹೊಳೆಯತ್ತೆ."

ಸಿಟ್ಟಾಗಿ ತವರಲ್ಲಿ ಕೂತ ಸೊಸೆಯನ್ನು ಕರೆಯಲು ಗಂಡ ಹೋಗಬೇಕು. ಊರು ಎದ್ದು ಹೋಗುವುದು ಹೇಗೆ. ಮಾವ ಹೋದರೆ ಅವಳು ಎದುರಿಗೇ ಬರುವುದಿಲ್ಲ. ಅತ್ತೆ ಹೋದದ್ದು ಎಲ್ಲೂ ಇಲ್ಲ, ಅತ್ತೆಯಂದಿರ ಮಾನದ ಪ್ರಶ್ನೆ ಅದು. ಆದರೂ ನಾನೇ ಹೋಗುವುದೆಂದಾಯಿತು. ಧರಣೇಂದ್ರ ತನ್ನ ಜೀಪಿನಲ್ಲಿ ಕರೆದೊಯ್ಯುತ್ತೇನೆಂದ. ಹೊಳೆಯ ಹುಟ್ಟನ್ನು ಅವನೂ ನೋಡಬೇಕಿತ್ತಂತೆ, ನೋಡದೆ ಅವನ ವರದಿ ಮುಗಿಯುವ ಹಾಗಿರಲಿಲ್ಲ. ಹೊಳೆಯ ಪಾತ್ರದ ಮರಳಿನಲ್ಲೇ ಗುಡ್ಡಕ್ಕೆ ದಾರಿ. ಯಜಮಾನರು ಜೀಪಿನ ಮೇಲೆ ಒಂದು ಹರಿಗೋಲು ಏರಿಸಿ ಹಗ್ಗ ಬಿಗಿದರು.

"ಇದ್ಯಾಕೆ?" ಎಂದೆ.

"ಬರುವಾಗ ದಾರಿ ಇರಲ್ಲ, ಹೊಳೆ ಇರುತ್ತೆ," ಎಂದರು. ಅವರಿಗಿದ್ದ ಧೈರ್ಯದಲ್ಲಿ ಅರ್ಧವೂ ನನಗಿರಲಿಲ್ಲ.

ಜೀಪು ಕಲ್ಲುಗಳ ಮೇಲೆ ಕುಣಿಯುತ್ತ ಹೋಗುವಾಗ ನನ್ನ ಬಾಯಿ ಸುಮ್ಮನಿರಲಿಲ್ಲ. "ಇಷ್ಟು ತಿಂಗಳಾಯ್ತು, ನಿನ್ನ ಹೆಂಡ್ತಿ ಎಲ್ಲಿದಾಳೆ ಅಂತ ಹೇಳೇ ಇಲ್ಲ ನೀನು."

ಅವನು ಒಂದು ಬಂಡೆ ಬಳಸಿ ಗಾಡಿ ತಿರುಗಿಸಿದ. "ತವರಲ್ಲಿ ಅಮ್ಮ. ಸುಪ್ರಭೆ ಅಂತ. ಹೋದ ವರ್ಷ ಆಷಾಢಕ್ಕೆ ಹೋದ್ಲು."

ಹೋದ ವರ್ಷದ್ದು ಎಂದು ಕೇಳಿ ನನ್ನ ನಾಲಿಗೆ ತುರಿಸಿತು. ಕಷ್ಟಪಟ್ಟು ತಡೆದುಕೊಂಡೆ. ಅವನೇ ಮುಂದುವರಿಸಿದ. "ನಾನು ಯಾವಾಗಲೂ ಊರೂರು ಸುತ್ತೋನು. ವರ್ಗ ಆಗಿ ಹೊಸ ಜಾಗಕ್ಕೆ ಬಂದಾಗ ಹಬ್ಬಕ್ಕೆ ಹೋಗ್ಬೇಡ, ಇಲ್ಲೇ ಇರು ಅಂದೆ. ಇದ್ಲು. ಒಂದು ಮಾತೂ ಆಡಲಿಲ್ಲ. ನಾನು ಸರಿಹೋಯ್ತು ಅಂತ ತಿಳ್ಕೊಂಡೆ. ಆಮೇಲೆ ಆಷಾಢಕ್ಕೆ ಹೋದೋಳು ಬರಲಿಲ್ಲ."

"ಕರೆಯೋಕೆ ಹೋಗಿದ್ಯಾ?"

"ಅವಳಾಗೇ ಬರ್ಲಿ ಅಂತ."

ಬಿಸಿಲು ಇಳಿಯುವ ಮೊದಲು ಹೊಳೆಯ ತವರು ಮುಟ್ಟಿದೆವು. ನಾನು ಆ ಕಡೆಗೆ ಹೋದದ್ದು ಅದೇ ಮೊದಲು. ಎರಡು ದೊಡ್ಡ ಬಂಡೆಗಳು, ನಡುವೆ ಎತ್ತಿನಗಾಡಿ ಹೋಗುವಷ್ಟು ಸಂದು. ಸಂದಿನ ಆಚೆ ಸುತ್ತ ಗುಡ್ಡಗಳ ನಡುವೆ ನಮ್ಮ ಸೊಸೆ ಇಡಿಯಾಗಿ ಹರಡಿಕೊಂಡಿದ್ದಳು. ಸಣ್ಣ ಸಣ್ಣ ತೊರೆಗಳು, ಅವಳ ತಂಗಿಯರೇ ಇರಬೇಕು, ಮೇಲಿನಿಂದ ಹಾರಿ ಅವಳ ಮೇಲೆ ಬೀಳುತ್ತಿದ್ದವು, ಅವಳು ಹಿಡಿದು ಎತ್ತಿ ಎಸೆಯುತ್ತಿದ್ದಳು. ಕಿವಿ ತುಂಬ ಗಲಾಟೆ. ಮೀನು ಮೊಣಕಾಲೆತ್ತರ ಹಾರುತ್ತಿದ್ದವು. ಊರಲ್ಲಿ ಆ ಅರ್ಧ ತಿಂಗಳು ಕಂಡ ಹೊಳೆ ಇವಳೇ ಎಂದರೆ ನಂಬಲಾಗಲಿಲ್ಲ. ಸಂತೋಷವಾಯಿತು, ಹೊಟ್ಟೆಕಿಚ್ಚೂ ಆಯಿತು, ಎರಡನ್ನೂ ಹೇಳಿಬಿಡುತ್ತೇನೆ.

ಧರಣೇಂದ್ರ ಬಂಡೆಗೆ ಕೈಯಿಟ್ಟು ನಿಂತಿದ್ದ. ಆ ಬಂಡೆಯಿಂದ ಈ ಬಂಡೆಗೆ ನೋಡುತ್ತಿದ್ದ. ಅವನ ಕಣ್ಣು ಬೆಳಗುತ್ತಿದ್ದವು.

"ಅಮ್ಮ, ಎಂಥ ಜಾಗ ಇದು. ಈ ಸಂದಿನಲ್ಲಿ ಒಂದು ಗೋಡೆ ಎಬ್ಬಿಸಿದ್ರೆ ಸಾಕು. ಇಡೀ ಸೀಮೆಗೆ ದೀಪ. ನೋಡಿ, ಅವಳು ಹೋಗೋದೂ ಬೇಡ, ಬರೋದೂ ಬೇಡ. ತವರಲ್ಲೇ ಇರ್ತಾಳೆ, ಖುಷಿಯಾಗಿ. ನಿಮಗೆ ಎಷ್ಟು ಬೇಕೋ ಅಷ್ಟು ನೀರು ಇಲ್ಲಿಂದ ಬಿಡಬಹುದು. ಬಾವಿ ತುಂಬುತ್ತೆ, ಬೇಳೆ ಬೇಯುತ್ತೆ, ದೀಪ ಉರಿಯುತ್ತೆ. ಯಾರಿಗೂ ನೋವಿಲ್ಲ."

ಅವನು ಹೇಳಿದ್ದರಲ್ಲಿ ಸುಳ್ಳು ಏನೂ ಇರಲಿಲ್ಲ. ಹಾಗೆ ಮಾಡಿದರೆ ನಾನು ಇಳಿದು ಹೋಗಿ ಯಾರ ಕಾಲೂ ಹಿಡಿಯಬೇಕಾಗಿರಲಿಲ್ಲ. ಜವರಪ್ಪನ ಎದುರು ತಲೆಯೆತ್ತಿ ನಡೆಯಬಹುದಿತ್ತು. ಅತ್ತೆಯಾದ ನಾನು ಹೂಂ ಎಂದರೆ ಊರು ಒಪ್ಪುತ್ತಿತ್ತು. ನನ್ನ ಕತ್ತಲೆಯ ಅಡುಗೆಮನೆ ಕಣ್ಣ ಮುಂದೆ ಬಂತು, ಅದರಲ್ಲೊಂದು ದೀಪವೂ ಬಂತು. ಬಂಡೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡೆ.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ," ಎಂದೆ. "ಸುಪ್ರಭೆ ತವರಲ್ಲಿ ಚೆನ್ನಾಗಿದಾಳಾ?"

"ಇರ್ಬೇಕು."

"ಅವಳು ಅಲ್ಲೇ ಇದ್ಕೊಂಡು ನಿನಗೆ ವಾರವಾರ ಚಕ್ಕುಲಿ, ಕೋಡುಬಳೆ ಕಟ್ಟಿ ಕಳಿಸ್ತಾಳೆ ಅಂತ ಇಟ್ಕೋ. ಒಂದು ವಾರಾನೂ ತಪ್ಪಲ್ಲ. ಹೆಂಡ್ತಿ ಬಂದ ಹಾಗಾಯ್ತಾ?"

ಧರಣೇಂದ್ರ ಬಂಡೆಯಿಂದ ಕೈ ತೆಗೆದ. ತೆಗೆದು ಆ ಕೈಯನ್ನು ಎಲ್ಲಿಡುವುದು ಎಂದು ತಿಳಿಯದೆ ಜೇಬಿಗೆ ಹಾಕಿಕೊಂಡ.

ನಾನು ಸಂದಿನೊಳಗೆ ಇಳಿದು ನೀರಿನ ಅಂಚಿನಲ್ಲಿ ಕೂತೆ. ನನ್ನನ್ನು ಕಂಡದ್ದೇ ಗಲಾಟೆ ನಿಂತಿತು. ತೊರೆಗಳು ಕೂಡ ತೆಪ್ಪಗಾದವು. ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

"ತಪ್ಪಾಯ್ತು ಕಣೆ," ಎಂದೆ. ಯಾವ ಅತ್ತೆಯೂ ಯಾವ ಸೊಸೆಗೂ ಹೇಳಿದ್ದಿಲ್ಲದ ಮಾತು ನಮ್ಮೂರಲ್ಲಿ. "ಆವತ್ತು ನೀನು ಮೆಟ್ಟಿಲ ಹತ್ರ ಕಾಯ್ತಾ ಇದ್ದೆ, ನಾನು ಒಳಗೆ ಹುರುಳಿ ಆರಿಸ್ತಾ ಇದ್ದೆ. ಹುರುಳಿ ನೋಡ್ತಾ ಇರ್ಲಿಲ್ಲ, ನಿನ್ನ ಸದ್ದೇ ಕೇಳ್ತಾ ಇದ್ದೆ. ಬರ್ಬೇಕಿತ್ತು, ಬರ್ಲಿಲ್ಲ. ಊರಲ್ಲಿ ನೀರಿಲ್ಲ ಅಂತ ಕರೆಯೋಕೆ ಬಂದೆ, ಅದು ನಿಜ. ಬೈಯೋಕೆ ಯಾರೂ ಇಲ್ಲದೆ ನನಗೆ ಹೊತ್ತು ಹೋಗ್ತಿಲ್ಲ, ಅದೂ ನಿಜ. ನಿನಗೆ ಯಾವಾಗ ಮನಸ್ಸು ಬರುತ್ತೋ ಆವಾಗ ಬಾ. ಬರದೇ ಇದ್ರೂ ನಿನ್ನ ಮೇಲೆ ನನಗೆ ಸಿಟ್ಟಿಲ್ಲ."

ಸುಮಾರು ಹೊತ್ತು ಹಾಗೇ ಕೂತಿದ್ದೆ. ಇನ್ನೇನು ಏಳಬೇಕು ಎಂದು ನೆಲಕ್ಕೆ ಕೈಯೂರಿದೆ. ಎಲ್ಲಿತ್ತೋ, ಒಂದು ಕೊಡ ನೀರು ಎದ್ದು ಬಂದು ಮುಖಕ್ಕೆ ರಪ್ಪನೆ ಬಡಿಯಿತು. ಕುಂಕುಮ ಹೋಯಿತು, ತುರುಬು ಬಿಚ್ಚಿತು, ಸೀರೆಯೆಲ್ಲ ಒದ್ದೆ. ಅಷ್ಟು ದಿನ ನುಂಗಿಕೊಂಡ ಮಾತನ್ನೆಲ್ಲ ಒಂದೇ ಏಟಿಗೆ ಆಡಿದ್ದಳು. ನಾನು ಕೂತಲ್ಲೇ ನಗುತ್ತ ಅಳುತ್ತ ಮುಖ ಒರೆಸಿಕೊಂಡೆ. ಒರೆಸುವಷ್ಟರಲ್ಲಿ ಇನ್ನೊಂದು ಬಿತ್ತು.

ಆಮೇಲೆ ಅವಳು ಹೊರಟಳು. ತವರಿನಿಂದ ಹೊರಡುವ ಹೆಣ್ಣು ಒಮ್ಮೆಗೇ ಹೊರಡುತ್ತಾಳೆಯೇ. ಒಂದೊಂದು ಬಂಡೆಯನ್ನೂ ಸುತ್ತಿ, ಒಂದೊಂದು ತೊರೆಯ ಹತ್ತಿರವೂ ನಿಂತು, ಏನೋ ಮರೆತವಳ ಹಾಗೆ ಹಿಂದಕ್ಕೆ ಹೋಗಿ, ಕೊನೆಗೆ ಸಂದಿನೊಳಗೆ ಇಳಿದಳು. ನನ್ನ ಪಾದ ಮುಳುಗಿತು. ಧರಣೇಂದ್ರ ಓಡಿ ಹೋಗಿ ಜೀಪನ್ನು ಮರಳಿನಿಂದ ಮೇಲಕ್ಕೆ ಹತ್ತಿಸಿ, ಹರಿಗೋಲು ಬಿಚ್ಚಿ ತಂದ. ನೀರು ಎರಡು ಬಂಡೆಗಳ ನಡುವೆ ಹೋಗುವುದನ್ನು ನಿಂತು ನೋಡಿದ.

"ಏನು ಬರೀತೀಯಪ್ಪ?" ಎಂದೆ.

"ಯೋಗ್ಯವಲ್ಲ ಅಂತ."

"ಯಾಕೆ ಅಂತ ಕೇಳಿದ್ರೆ?"

"ಕೇಳ್ತಾರೆ. ಏನಾದ್ರೂ ಹೇಳ್ತೀನಿ. ಕಲ್ಲು ಸರಿಯಿಲ್ಲ ಅಂತೀನಿ." ಅವನು ನಕ್ಕ. ಆಮೇಲೆ ಹರಿಗೋಲಿನ ಹಗ್ಗವನ್ನು ಸುತ್ತುತ್ತ ಬಿಚ್ಚುತ್ತ, "ಅಮ್ಮ, ಈ ಗುಡ್ಡದ ಆಚೆ ಇಳಿದ್ರೆ ಸುಪ್ರಭೆ ತವರೂರು. ಕತ್ತಲಾಗೋ ಮೊದಲೇ ಮುಟ್ಟಬಹುದು. ಆದರೆ ನಿಮ್ಮನ್ನ ಒಬ್ರನ್ನೇ ಬಿಟ್ಟು ಹೇಗೆ..." ಎಂದ.

"ಒಬ್ಬಳು ಎಲ್ಲಿ? ಸೊಸೆ ಜೊತೆ ಹೋಗ್ತಿದೀನಿ. ನೀನು ಹೊರಡು."

ಜೀಪಿನ ತನಕ ಹೋದವನು ಮತ್ತೆ ಬಂದ. "ಹೋಗಿ ಏನು ಹೇಳ್ಬೇಕು?"

"ನಾನು ಹೇಳಿದ್ದು ಕೇಳಿಸ್ಕೊಂಡ್ಯಲ್ಲ, ಅದನ್ನೇ ಹೇಳು. ಅವಳು ಬನ್ನಿ ಕೂತ್ಕೊಳ್ಳಿ ಅಂತ ಕಾಫಿ ತಂದುಕೊಟ್ರೆ ಇನ್ನೂ ಸಿಟ್ಟಿದೆ ಅಂತ ತಿಳ್ಕೋ. ಕೈಗೆ ಸಿಕ್ಕಿದ್ದು ತಗೊಂಡು ಎಸೆದ್ರೆ ಬರ್ತಾಳೆ."

ಜೀಪು ಗುಡ್ಡ ಹತ್ತಿ ಮರೆಯಾಯಿತು. ನಾನು ಒದ್ದೆ ಸೀರೆಯಲ್ಲೇ ಹರಿಗೋಲಿನಲ್ಲಿ ಕೂತೆ. ಹುಟ್ಟು ಹಾಕುವುದು ನನಗೆ ಬರುವುದಿಲ್ಲ. ದೀಪ ಬರುವುದಿಲ್ಲ ಎಂದು ಜವರಪ್ಪನಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತಿದ್ದೆ, ಯೋಚನೆ ಮುಗಿಸಲು ಅವಳು ಬಿಡಬೇಕಲ್ಲ. ಮೊದಲ ತಿರುವಿನಲ್ಲೇ ಹರಿಗೋಲನ್ನು ಗಿರ್ರನೆ ಸುತ್ತಿಸಿದಳು. ತಲೆ ತಿರುಗುತ್ತೆ ಕಣೆ, ನಿಧಾನಕ್ಕೆ ಹೋಗು ಎಂದೆ. ಇನ್ನೊಂದು ಸುತ್ತು ಸುತ್ತಿಸಿದಳು. ವಯಸ್ಸಾದವರು ಅನ್ನೋ ಜ್ಞಾನ ಬೇಡವಾ ನಿನಗೆ, ನಿನ್ನ ಸೊಕ್ಕು ಇಳಿಸ್ತೀನಿ ಇರು, ಊರು ಬರ್ಲಿ ಎಂದು ನಾನು ಶುರು ಮಾಡಿದೆ. ಅವಳು ನನ್ನ ಎಲೆ ಅಡಿಕೆ ಚೀಲ ಒದ್ದೆ ಮಾಡಿದಳು. ನಾನು ಅವಳ ತವರಿನವರನ್ನೆಲ್ಲ ಹೆಸರು ಹಿಡಿದು ಎಳೆದೆ. ಬೆಳದಿಂಗಳು ಬಿದ್ದಿತ್ತೋ ಇಲ್ಲವೋ ನಾನು ನೋಡಲಿಲ್ಲ, ಅಷ್ಟು ಪುರುಸೊತ್ತಿರಲಿಲ್ಲ. ದಾರಿಯುದ್ದಕ್ಕೂ ಜಗಳವಾಡಿಕೊಂಡೇ ಇಬ್ಬರೂ ಮನೆ ಸೇರಿದೆವು.